ಅಂಗಳ ಕಳೆದುಕೊಂಡ ಸಂಜೆಮಲ್ಲಿಗೆ

ಆಗ ಭೂಮಿ ಇನ್ನೂ ಹೊಸದು. ಎಲ್ಲಿ ಹರಿಯಬೇಕೆಂದು ನದಿಗಳಿಗೇ ಗೊತ್ತಾಗಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ. ಹೂವುಗಳಿಗೆ ಸ್ವಂತ ಹೆಸರಿರಲಿಲ್ಲ. ಯಾರ ಅಂಗಳದಲ್ಲಿ ಅರಳಿದರೆ ಅವರ ಹೂವು, ಅಷ್ಟೇ.

ಬಾಳವ್ವನ ಅಂಗಳದಲ್ಲಿ ಒಂದು ಗಿಡವಿತ್ತು. ಹೂವೆಲ್ಲ ಕಡುಗುಲಾಬಿ. ದಿನವೆಲ್ಲ ಹೊಲದಲ್ಲಿ ದುಡಿದ ಬಾಳವ್ವ, ಸಂಜೆ ನದಿಯಿಂದ ಒಂದು ಕೊಡ ನೀರು ತಂದು ಅದರ ಬುಡಕ್ಕೆ ಸುರಿಯುತ್ತಿದ್ದಳು. ಅವಳ ಹೆಜ್ಜೆ ಕೇಳಿಸಿದರೆ ಗಿಡ ಅರಳುತ್ತಿತ್ತು.

"ಬಿಸಿಲಿದ್ದಾಗ ಮಲಗಿರ್ತಿ, ನಾ ಬಂದಾಗ ಏಳ್ತಿ. ಸೋಮಾರಿ," ಎಂದು ಅವಳು ಬೈಯುತ್ತಿದ್ದಳು. ಊರಿನವರಿಗೆ ಅದು ಬಾಳವ್ವನ ಹೂವು.

ಒಂದು ಬೆಳಿಗ್ಗೆ ನದಿ ಮಗ್ಗುಲು ಬದಲಿಸಿ ಮೂರು ಗುಡ್ಡದಾಚೆ ಹೋಯಿತು. ಊರು ನೀರಿನ ಹಿಂದೆ ಹೊರಟಿತು. ಬಾಳವ್ವ ಗಿಡ ಅಗೆಯಲು ನೋಡಿದಳು. ಬೇರು ಗೆಡ್ಡೆಯಂತೆ ದಪ್ಪ, ಆಳ. ಗುದ್ದಲಿಗೆ ಬಗ್ಗಲಿಲ್ಲ.

"ಇಲ್ಲೇ ಇರು. ನೆಲೆ ಸಿಕ್ಕ ಮೇಲೆ ಬಂದು ಒಯ್ತೀನಿ," ಎಂದಳು.

ಗಿಡ ಇತ್ತು. ಪ್ರತಿ ಸಂಜೆ ಅರಳಿತು. ಯಾರೂ ಬರಲಿಲ್ಲ. ಮಳೆಗಾಲಗಳು ಬಂದವು, ಹೋದವು. ಗೋಡೆ ಬಿತ್ತು. ಅಂಗಳ ಯಾವುದು, ಬಯಲು ಯಾವುದು ತಿಳಿಯದಾಯಿತು.

"ಹೋದವರು ದಾರಿ ಹಿಡಿದೇ ಬರಬೇಕು. ದಾರಿ ಬದಿಗೆ ಹೋಗು," ಎಂದಿತು ಗಾಳಿ.

"ನನ್ನ ಬೀಜ ಹೊತ್ತು ಒಯ್ಯುತ್ತೀಯಾ?"

ಗಾಳಿ ಒಂದು ಬೀಜ ಎತ್ತಲು ನೋಡಿತು. ಕಾಳುಮೆಣಸಿನಂತೆ ಕಪ್ಪು, ಸುಕ್ಕು, ಭಾರ. "ಇದಕ್ಕೆ ರೆಕ್ಕೆಯೂ ಇಲ್ಲ, ಹತ್ತಿಯೂ ಇಲ್ಲ. ಉರುಳಿಕೊಂಡು ಹೋಗು."

ಬೀಜ ಮಳೆನೀರಲ್ಲಿ ಉರುಳಿತು. ವರ್ಷಕ್ಕೆ ಒಂದು ಮಾರು. ಅಲ್ಲಿ ಮೊಳೆತು, ಬೆಳೆದು, ಬೀಜ ಉದುರಿಸಿ, ಮತ್ತೊಂದು ಮಾರು. ಹಿಂದಿನದು ಒಣಗಿತು. ಮುಂದಿನದು ಕೊನೆಗೆ ದಾರಿಯ ಅಂಚು ಮುಟ್ಟಿತು.

ಒಂದು ಸಂಜೆ ಆ ಹೆಜ್ಜೆ ಕೇಳಿಸಿತು. ನಿಧಾನವಾಗಿತ್ತು, ಆದರೆ ಅದೇ. ಗಿಡ ಒಂದು ಮೊಗ್ಗನ್ನೂ ಉಳಿಸದೆ ಅರಳಿತು.

ಬಾಳವ್ವನ ತಲೆ ಬೆಳ್ಳಗಾಗಿತ್ತು. ಸೊಂಟದಲ್ಲಿ ನೀರಿನ ಕೊಡ. ಜೊತೆಗೆ ಮೊಮ್ಮಗಳು ತುಂಗಿ.

"ಅಜ್ಜಿ, ಇದು ಯಾರ ಹೂವು?"

ಬಾಳವ್ವ ಬಗ್ಗಿ ನೋಡಿದಳು. ಸುತ್ತ ಅಂಗಳ ಹುಡುಕಿದಳು. ಇರಲಿಲ್ಲ.

"ಯಾರದೂ ಅಲ್ಲವ್ವ. ದಾರಿ ಬದಿ ಕಸ. ನಡಿ, ನನ್ನ ಹೂವು ತೋರಸ್ತೀನಿ."

ಗಿಡ ಕರೆಯಿತು. ಮನುಷ್ಯರ ಕಿವಿಗೆ ಗಿಡದ ಮಾತು ಆಗಲೂ ಕೇಳಿಸುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಇಬ್ಬರೂ ಮರಳಿ ಬಂದರು. ಕೊಡ ತುಂಬಿಯೇ ಇತ್ತು.

"ಒಣಗಿ ಹೋಗ್ಯದ. ನಾನೇ ತಡ ಮಾಡಿದೆ," ಎಂದಳು ಬಾಳವ್ವ. ಭಾರ ಹೊರಲಾರದೆ ನೀರನ್ನು ದಾರಿಗೆ ಚೆಲ್ಲಿದಳು. ಗಿಡದಿಂದ ಒಂದು ಗೇಣು ಈಚೆಗೆ. ಬೇರಿಗೆ ಹನಿಯೂ ತಾಗಲಿಲ್ಲ.

"ಅವಳು ನನ್ನ ಬಣ್ಣ ಮರೆತಳು," ಎಂದಿತು ಗಿಡ.

"ಅವಳು ಬಣ್ಣ ನೋಡಲಿಲ್ಲ. ಅಂಗಳ ನೋಡಿದಳು," ಎಂದಿತು ದಾರಿ.

"ಅಂಗಳ ನಾನೆಲ್ಲಿಂದ ತರಲಿ? ಬಣ್ಣ ತರಬಲ್ಲೆ."

ಮರುದಿನ ಅದೇ ಗಿಡ ಒಂದು ಹಳದಿ ಹೂ ಬಿಟ್ಟಿತು. ಆಮೇಲೆ ಒಂದು ಬಿಳಿ. ಆಮೇಲೆ ಗೀರುಗೀರಿನದು. ಯಾವುದನ್ನಾದರೂ ಅವಳು ಗುರುತಿಸಬಹುದೆಂದು. ಬಾಳವ್ವ ಮತ್ತೆ ಆ ದಾರಿಗೆ ಬರಲಿಲ್ಲ.

ಜನ ಅದಕ್ಕೆ ಸಂಜೆಮಲ್ಲಿಗೆ ಎಂದು ಹೆಸರಿಟ್ಟದ್ದು ಎಷ್ಟೋ ಕಾಲದ ಮೇಲೆ. ಇಂದಿಗೂ ಮನೆಯೇ ಇಲ್ಲದ ರಸ್ತೆ ಬದಿಯಲ್ಲಿ, ಹೊತ್ತು ಇಳಿದಾಗ, ಒಂದೇ ಗಿಡದಲ್ಲಿ ಗುಲಾಬಿ, ಹಳದಿ, ಬಿಳಿ ಹೂವು ಅರಳುವುದು, ಬೆಳಗಾದ ಮೇಲೆ ಒಂದೊಂದೇ ಮುದುಡಿ ಬೀಳುವುದು ಇದಕ್ಕೇ.