ಭಾಮೈದನ ವೇಗದ ಪೆಟ್ಟಿಗೆ

ಹೊಂಗೆಗಿರಿ ಅನ್ನೋ ರಾಜ್ಯದಲ್ಲಿ ಭೂಪಾಲ ಅಂತ ಒಬ್ಬ ರಾಜ ಇದ್ದ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಒಂದು ಕೆಂಪು ಕಾರೂ ಇತ್ತು. ರಾಜನ ಕಾಲದಲ್ಲಿ ಕಾರೆಲ್ಲಿತ್ತು ಅಂತ ಮೂಗು ತೂರಿಸಬೇಡಿ. ಬೇರೆ ಕತೆಗಳಲ್ಲಿ ಮಾತಾಡೋ ನರಿ ಬಂದಾಗ ಬಾಯಿ ಮುಚ್ಚಿಕೊಂಡು ಕೇಳಿದಿರಲ್ಲ, ಇದನ್ನೂ ಕೇಳಿ.

ಎರಡೇ ಬಾಗಿಲಿನ ಕಾರು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಕೀಲಿ ತಿರುಗಿಸಿದರೆ ಹುಲಿ ಗುರುಗುಟ್ಟಿದ ಹಾಗೆ ಸದ್ದು. ಅದನ್ನು ಮಾಡಿದವನು ವೀರೋಜ. ಕಾರು ಕೊಡುವಾಗ ಅವನು ಹೇಳಿದ:

“ದೊರೆ, ಮೂರು ವರ್ಷ ಗ್ಯಾರಂಟಿ. ಏನು ಕೆಟ್ಟರೂ ಪುಕ್ಕಟೆ ಸರಿ ಮಾಡಿಕೊಡ್ತೀನಿ. ಆದರೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿ, ಆ ದಿನ ಪುಸ್ತಕದಲ್ಲಿ ಬರೆದಿಡಬೇಕು. ಹೊಸದೇನಾದರೂ ಹಾಕಿಸಬೇಕಾದರೆ ನನ್ನನ್ನು ಕೇಳಬೇಕು. ಕೇಳದೆ ವೈರು ಕತ್ತರಿಸಿ ಕೆಡಿಸಿಕೊಂಡರೆ ಅದಕ್ಕೆ ನಾನು ಜವಾಬ್ದಾರನಲ್ಲ.”

ಕಾರು ನೋಡಿಕೊಳ್ಳೋಕೆ ಮಾಳವ್ವ ಅನ್ನೋ ಹೆಂಗಸನ್ನು ಇಟ್ಟರು. ಗಂಡ ಇಲ್ಲ, ಕಂಕುಳಲ್ಲಿ ಕೂಸು. ಕಾರಿನ ಶೆಡ್ಡಿನ ಪಕ್ಕದ ಕೋಣೆಯೇ ಮನೆ. ತೊಳೆಯೋಳು, ಟೈರಿನ ಗಾಳಿ ನೋಡೋಳು, ಆಯಿಲ್ ಬದಲಾಯಿಸಿ ಬರೆದಿಡೋಳು.

ಅರಮನೆಯಲ್ಲಿ ಇನ್ನೊಂದು ಪ್ರಾಣಿ ಇತ್ತು. ರಾಣಿಯ ತಮ್ಮ ಮದನೇಂದ್ರ. ಅನ್ನ ಅಕ್ಕನದು, ಕಾರು ಭಾವನದು, ಮೀಸೆ ಒಂದೇ ಅವನ ಸ್ವಂತದ್ದು.

ಒಂದು ದಿನ ಬಂದ. “ಏ ಮಾಳಿ, ಈ ಸೈಲೆನ್ಸರ್ ಸದ್ದು ನನಗೇ ಕೇಳಿಸಲ್ಲ. ಕಿತ್ತು ಬೇರೆ ಹಾಕು.”

“ಜೋರು ಸದ್ದಿನದು ವೀರೋಜಣ್ಣನ ಹತ್ತಿರವೇ ಇದೆ ಬುದ್ಧಿ.” ವೀರೋಜನೇ ಬಂದು ಹಾಕಿದ. ಗ್ಯಾರಂಟಿ ಉಳೀತು.

ಇನ್ನೊಂದು ದಿನ ಬಂದ. “ಈ ಚಕ್ರಕ್ಕಿಂತ ಎತ್ತಿನ ಗಾಡಿದೇ ವಾಸಿ.”

“ಎತ್ತಿನ ಗಾಡಿ ತಂದರೆ ನೊಗಕ್ಕೆ ನೀವೇ ಹೆಗಲು ಕೊಡಬೇಕಾಗುತ್ತೆ ಬುದ್ಧಿ. ಎಷ್ಟು ದಪ್ಪದ ಚಕ್ರ ಹಿಡಿಸುತ್ತೋ ಕೇಳ್ತೀನಿ.” ಹಿಡಿಸುವ ಅಳತೆಯದನ್ನು ವೀರೋಜನೇ ಹಾಕಿದ. ಗ್ಯಾರಂಟಿ ಉಳೀತು.

ಮೂರನೇ ದಿನ ಬಂದ. “ಸಂತೆಯಲ್ಲಿ ವೇಗದ ಪೆಟ್ಟಿಗೆ ಅಂತ ಸಿಗುತ್ತೆ. ಎಂಜಿನ್ನಿನ ವೈರಿಗೆ ಕಟ್ಟಿದರೆ ಕಾರು ಹಾರುತ್ತಂತೆ.”

ಮಾಳವ್ವ ಹೇಳಿಕಳಿಸಿ ಕೇಳಿದಳು. “ಬೇಡ, ಎಂಜಿನ್ನು ತಡೆಯಲ್ಲ” ಅಂದ ವೀರೋಜ.

“ಅವನಿಗೇನು ಗೊತ್ತು!” ಅಂದ ಮದನೇಂದ್ರ. ಕಾರು ಮಾಡಿದವನಿಗೆ ಗೊತ್ತಿಲ್ಲವಂತೆ, ಮೀಸೆ ಬಿಟ್ಟವನಿಗೆ ಗೊತ್ತಂತೆ.

ಮಾಳವ್ವ ತವರಿಗೆ ಹೋದ ದಿನ ನೋಡಿ ಅವನು ವೈರು ಕತ್ತರಿಸಿದ, ಪೆಟ್ಟಿಗೆ ಕಟ್ಟಿದ, ಕಾರು ಓಡಿಸಿದ. ಹಾರಿತು, ನಿಜ. ಕೆರೆ ಏರಿಯ ತನಕ. ಅಲ್ಲಿ ಢಮಾರ್! ಬರೀ ಹೊಗೆ. ಶೂರ ಏನು ಮಾಡಿದ? ಪೆಟ್ಟಿಗೆ ಕಿತ್ತು ಕೆರೆಗೆ ಎಸೆದ, ವೈರಿಗೆ ಟೇಪು ಸುತ್ತಿದ, ಎತ್ತು ಕಟ್ಟಿ ಕಾರನ್ನು ಶೆಡ್ಡಿಗೆ ಎಳೆಸಿದ, ಹೊದ್ದು ಮಲಗಿದ.

ಮರುದಿನ ಮಾಳವ್ವ ವಾಪಸ್ ಬಂದು ನೋಡಿದರೆ ಕಾರು ಕೆಟ್ಟಿತ್ತು; ಅದನ್ನು ಅರಮನೆ ಅಂಗಳಕ್ಕೆ ತಳ್ಳಿಸಿ ವೀರೋಜನನ್ನು ಕರೆಸಿದರು. ಅವನು ಟೇಪು ಬಿಚ್ಚಿ ನೋಡಿದ. “ಯಾರೋ ವೈರು ಕತ್ತರಿಸಿ ಪೆಟ್ಟಿಗೆ ಕಟ್ಟಿದ್ದಾರೆ. ಅದರಿಂದಲೇ ಎಂಜಿನ್ ಸುಟ್ಟಿದೆ. ಇದಕ್ಕೆ ಗ್ಯಾರಂಟಿ ಇಲ್ಲ ದೊರೆ.”

“ಯಾರು ಮಾಡಿದ್ದು?” ರಾಜ ಗುಡುಗಿದ.

“ಇನ್ಯಾರು ಭಾವ, ಈ ಮಾಳಿಯೇ!” ಅಂದ ಮದನೇಂದ್ರ.

ರಾಜನಿಗೆ ಎರಡು ಕಿವಿ ಇದ್ದವು, ಎರಡೂ ಹೆಂಡತಿಯ ತವರಿನ ಕಡೆಗೇ ತಿರುಗಿದ್ದವು. “ಸಂಜೆಯೊಳಗೆ ಕೂಸು ಎತ್ತಿಕೊಂಡು ರಾಜ್ಯ ಬಿಡು” ಅಂದ. ಪುಸ್ತಕ ತೆರೆದು ನೋಡಲಿಲ್ಲ, ನಿನ್ನೆ ಎಲ್ಲಿದ್ದೆ ಅಂತ ಒಂದು ಮಾತು ಕೇಳಲಿಲ್ಲ.

ಮಾಳವ್ವ ಅಳಲಿಲ್ಲ. ಸುಟ್ಟ ಎಂಜಿನ್ ಕಡೆ ಬಗ್ಗಿ ಲೊಚಗುಟ್ಟಿದಳು.

“ಪೆಟ್ಟಿಗೆಯದೇನು ತಪ್ಪು ವೀರೋಜಣ್ಣ? ಯಾವನೋ ದರಿದ್ರದವನು ಪೂಜೆ ಮಾಡದೆ ಕಟ್ಟಿದ್ದಾನೆ. ಒಂದು ಸೈಕಲ್ ತಂದರೂ ಜನ ಕಾಯಿ ಒಡೀತಾರೆ, ಚಕ್ರದಡಿ ನಿಂಬೆಹಣ್ಣು ಇಡ್ತಾರೆ. ಇವನಿಗೆ ಅಷ್ಟೂ ಕಲಿಸಿಲ್ಲವಲ್ಲ, ಯಾವ ಗತಿಗೆಟ್ಟ ಮನೆಯದೋ!”

ಮದನೇಂದ್ರನ ಮೀಸೆ ಅದುರಿತು.

“ಏ, ನಾಲಗೆ ಬಿಗಿಹಿಡಿ! ನಮ್ಮ ಮನೆತನದಲ್ಲಿ ಪೂಜೆ ಇಲ್ಲದೆ ಒಂದು ಮೊಳೆ ಹೊಡೆಯಲ್ಲ! ಕಾಯಿ ಒಡೆದೇ ಪೆಟ್ಟಿಗೆ ಕಟ್ಟಿದ್ದು! ನಾಲ್ಕು ಚಕ್ರಕ್ಕೂ ಕೈಯಾರೆ ನಿಂಬೆಹಣ್ಣು ಇಟ್ಟಿದ್ದೀನಿ, ನಾನು!”

 ಅರಮನೆ ಕಿಟಕಿಯ ಪರದೆ ಹಿಂದಿನಿಂದ ರಾಣಿಯ ದನಿ ಕೇಳಿಸಿತು: “ಅಯ್ಯೋ ಪೆದ್ದುಮುಂಡೇದೇ!”

ರಾಜ್ಯ ಬಿಡೋ ಮಾತನ್ನು ರಾಜ ನುಂಗಿಕೊಂಡ. ಹೊಸ ಎಂಜಿನ್ನಿಗೆ ಮದನೇಂದ್ರನ ಚಿನ್ನದ ಉಡಿದಾರ ಹೋಯಿತು. ಎತ್ತು ಕೊಡಲಿಲ್ಲ, ವೀರೋಜನ ಊರಿನ ತನಕ ಕಾರನ್ನು ಅವನೇ ತಳ್ಳಬೇಕಾಯಿತು. ಮಾಳವ್ವ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿದಿದ್ದಳು. “ಉಬ್ಬು ಬಂತು ಬುದ್ಧಿ, ಸ್ವಲ್ಪ ದಮ್ಮು ಕಟ್ಟಿ!” ಅನ್ನುತ್ತಿದ್ದಳು. ರಾಜ ಅವಳ ಕ್ಷಮೆ ಕೇಳಿದನೇ? ರಾಜರು ಎಲ್ಲಿ ಕೇಳ್ತಾರೆ! ಅವಳ ಕೆಲಸಕ್ಕೆ ಮಾತ್ರ ಆಮೇಲೆ ಯಾರೂ ಕೈ ಹಾಕಲಿಲ್ಲ.

ಇದರ ನೀತಿ ಕೇಳಿಸಿಕೊಳ್ಳಿ, ಮೀಸೆ ಇರೋರೂ ಇಲ್ಲದೋರೂ. ಗಾಡಿಗೆ ಏನು ಸಿಂಗಾರ ಬೇಕಾದರೂ ಮಾಡಿ, ಮಾಡಿದವನನ್ನು ಕೇಳಿ ಮಾಡಿ. ಆಯಿಲ್ಲು ಹೊತ್ತಿಗೆ ಬದಲಾಯಿಸಿ, ಬರೆದಿಡಿ. ಕದ್ದು ವೈರು ಕತ್ತರಿಸಿದರೆ ಗ್ಯಾರಂಟಿ ಉಳಿಯಲ್ಲ, ದೇವರಿಗೆ ಎಷ್ಟು ಕಾಯಿ ಒಡೆದರೂ ಅಷ್ಟೇ. ಕೆಡಿಸಿದ್ದು ನೀವಾದರೆ, ದುಡಿದು ತಿನ್ನೋರ ಕಡೆ ಬೆರಳು ತೋರಿಸಬೇಡಿ.