ಮೂರು ಬಾಗಿಲಿನ ವೈದ್ಯಶಾಲೆ

ಮಠದ ಆರೈಕೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ: "ಗುರುಗಳೇ, ನಮ್ಮಲ್ಲಿ ಮದ್ದು ಕೊಡುವವರು, ಮೂಳೆ ಕಟ್ಟುವವರು, ಹೆರಿಗೆ ಮಾಡಿಸುವವರು ಎಲ್ಲರೂ ಇದ್ದಾರೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ತಲೆಹಾಕುವುದಿಲ್ಲ. ಜಗಳವೇ ಇಲ್ಲ. ಇಷ್ಟಿದ್ದರೆ ಸಾಲದೇ?"

ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಂದು ವೈದ್ಯಶಾಲೆ ಇತ್ತು. ಅದಕ್ಕೆ ಮೂರು ಬಾಗಿಲು. ಮದ್ದು ಕೊಡುವ ಪಂಡಿತ ಮುಂಬಾಗಿಲಿನಿಂದ ಬರುತ್ತಿದ್ದ, ಮೂಳೆ ಕಟ್ಟುವವನು ಪಕ್ಕದ ಬಾಗಿಲಿನಿಂದ, ಸೂಲಗಿತ್ತಿ ಹಿತ್ತಿಲ ಬಾಗಿಲಿನಿಂದ. ಒಬ್ಬರು ರೋಗಿಯ ಬಳಿ ಇದ್ದರೆ ಉಳಿದವರು ಒಳಗೆ ಕಾಲಿಡುತ್ತಿರಲಿಲ್ಲ. 'ನೀವೇನು ಕೊಟ್ಟಿರಿ' ಎಂದು ಕೇಳುವುದಂತೂ ಇಲ್ಲವೇ ಇಲ್ಲ. ಕೇಳಿದರೆ ಸಂಶಯಪಟ್ಟ ಹಾಗೆ. ಎಂಥ ಅವಮಾನ, ನೋಡು. ಹಿಂದೊಮ್ಮೆ ಸೂಲಗಿತ್ತಿ ಬಾಯಿಬಿಟ್ಟು ಕೇಳಿದ್ದಕ್ಕೆ ಪಂಡಿತ ಒಂದಿಡೀ ಮಳೆಗಾಲ ಆಕೆಯೊಡನೆ ಮಾತು ಬಿಟ್ಟಿದ್ದ. ಅಂದಿನಿಂದ ಆಕೆ ತಾನಾಯಿತು, ತನ್ನ ಕೆಲಸವಾಯಿತು ಎಂದು ಇದ್ದುಬಿಟ್ಟಿದ್ದಳು.

ಒಂದು ಬೆಳಿಗ್ಗೆ ನೇಕಾರನೊಬ್ಬ ತುಂಬು ಬಸುರಿ ಹೆಂಡತಿಯನ್ನು ಗಾಡಿಯಲ್ಲಿ ಕರೆತಂದ. ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಆಕೆಯ ಕಾಲು ಮುರಿದಿತ್ತು. ಮೂಳೆ ಕಟ್ಟುವವನು ನೋವು ತಿಳಿಯದಿರಲೆಂದು ಅಫೀಮು ಕೊಟ್ಟು, ಕಾಲು ಕಟ್ಟಿ ಹೊರಗೆ ಹೋದ. ಆಮೇಲೆ ಪಂಡಿತ ಬಂದ. ಹೆದರಿದ ಹೆಂಗಸು ಸ್ವಲ್ಪ ಮಲಗಲೆಂದು ನಿದ್ದೆಯ ಲೇಹ್ಯ ನೆಕ್ಕಿಸಿ ಅವನೂ ಹೋದ. ಎರಡೂ ಒಳ್ಳೆಯ ಮದ್ದೇ, ಬೇರೆಬೇರೆಯಾಗಿ ನೋಡಿದರೆ ಅಳತೆಯೂ ಸರಿಯೇ.

ಸೂಲಗಿತ್ತಿ ಬರುವ ಹೊತ್ತಿಗೆ ಹೆರಿಗೆ ಶುರುವಾಗಿತ್ತು. ಹೆಂಗಸು ಮಾತ್ರ ಕಣ್ಣು ಬಿಡಲಿಲ್ಲ. ಉಸಿರು ತೀರ ನಿಧಾನವಾಗಿತ್ತು. ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ ಅಲುಗಾಡಿಸಬಾರದು. ಮದ್ದಿನ ಮಂಪರಾಗಿದ್ದರೆ ಅಲುಗಾಡಿಸಿ ಎಬ್ಬಿಸಲೇಬೇಕು. ಯಾವುದೆಂದು ಹೇಳುವುದು? ಮುಂದಿನ ಜಗಲಿಯಲ್ಲಿ ಪಂಡಿತ ಕೆಮ್ಮುವುದು ಕೇಳಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ಮೂಳೆ ಕಟ್ಟುವವನು ಬಿದಿರು ಸೀಳುತ್ತಿದ್ದ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಆಕೆ ಎದ್ದಳು, ಹೊಸಿಲವರೆಗೂ ಹೋದಳು, ಆ ಮಳೆಗಾಲ ನೆನಪಾಗಿ ವಾಪಸು ಬಂದು ಕೂತಳು.

"ತಾಯೀ, ಇವಳು ಯಾಕೆ ಏಳ್ತಿಲ್ಲ?" ಎಂದ ನೇಕಾರ.

"ಸುಸ್ತಾಗಿದಾಳಪ್ಪ. ಸ್ವಲ್ಪ ಕಾಯೋಣ," ಎಂದಳು ಸೂಲಗಿತ್ತಿ. ತನ್ನ ಮಾತನ್ನು ಆಕೆಯೇ ನಂಬಲಿಲ್ಲ.

ಕಾದರು. ಹೊಟ್ಟೆ ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು; ತಿಣುಕಬೇಕಾದವಳಿಗೆ ಎಚ್ಚರವಿಲ್ಲ. ಒಳಗಿನ ಮಗುವಿನ ಮಿಸುಕಾಟ ಸೂಲಗಿತ್ತಿಯ ಅಂಗೈಗೆ ಸಿಗುವುದು ಕಡಿಮೆಯಾಗುತ್ತ ಬಂತು. ಆಕೆಗೆ ಅಳು ಒತ್ತರಿಸಿತು. ನೇಕಾರ ಆಕೆಯ ಮುಖ ನೋಡಿದ. ಪಾಪ, ಅವನಿಗೆ ಆ ಮನೆಯ ರೀತಿನೀತಿ ಗೊತ್ತಿರಲಿಲ್ಲ. ಓಡಿಹೋಗಿ ಇಬ್ಬರನ್ನೂ ರಟ್ಟೆ ಹಿಡಿದು ಎಳೆದು ತಂದ. ಒಂದೇ ಹಾಸಿಗೆಯ ಸುತ್ತ ಮೂವರೂ ನಿಂತದ್ದು ಅದೇ ಮೊದಲು. ಒಬ್ಬ ಲೇಹ್ಯ ಎಂದ, ಇನ್ನೊಬ್ಬ ಅಫೀಮು ಎಂದ. ಕೇಳಿದ ಕೂಡಲೇ ಮೂವರಿಗೂ ಅರ್ಥವಾಯಿತು. ಎತ್ತಿ ಕೂರಿಸಿದರು, ಮುಖಕ್ಕೆ ನೀರು ಎರಚಿದರು, ಹೆಸರು ಹಿಡಿದು ಕೂಗಿದರು, ಮೂವರೂ ಕೈಗೆ ಕೈ ಸೇರಿಸಿ ಹೆರಿಗೆ ಮಾಡಿಸಿದರು.

ಸಂಜೆಗೆ ತಾಯಿ ಕಣ್ಣು ಬಿಟ್ಟಳು. ಮಗು ಅಳಲೇ ಇಲ್ಲ. ತನ್ನ ಮಗುವೆಲ್ಲಿ ಎಂದು ಆಕೆ ಮೂವರನ್ನೂ ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಆದರೆ ಗುರುಗಳೇ, ಮೂವರೂ ಕೆಲಸ ಬಲ್ಲವರು. ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದ ಒಳ್ಳೆಯ ಜನ ಅಲ್ಲವೇ?"

"ಬಹಳ ಒಳ್ಳೆಯವರು," ಎಂದರು ಗುರುಗಳು, "ಆ ಮಳೆಗಾಲದಿಂದ ಅಂದು ಸಂಜೆಯವರೆಗೂ ಆ ಮೂವರಲ್ಲಿ ಒಬ್ಬರೂ ಇನ್ನೊಬ್ಬರ ಮನಸ್ಸು ನೋಯಿಸಲಿಲ್ಲ."