ಏಳು ಫ್ಯಾನಿನ ಕಂಪ್ಯೂಟರ್

ಕಲ್ಯಾಣ ಮಂಟಪದ ಮಾಲೀಕ ರುದ್ರಮುನಿಯಪ್ಪನವರಿಗೆ ಕ್ರಿಕೆಟ್ ಗೇಮ್ ಆಡಲು ಕಂಪ್ಯೂಟರ್ ಬೇಕಿತ್ತು. ನಲವತ್ತು ಸಾವಿರ ಮೀರಬಾರದು. ಅದರಲ್ಲೇ ಗಾಜಿನ ಡಬ್ಬಿ ಬರಬೇಕು, ಏಳು ಫ್ಯಾನಿಗೂ ಬಣ್ಣದ ಲೈಟ್ ಇರಬೇಕು.

ದಾವಣಗೆರೆಯ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ನಾಗವೇಣಿ ಮೂರು ದಿನ ಗಂಟಲು ಹರಿದುಕೊಂಡಳು. "ಲೈಟಿಗೇ ದುಡ್ಡು ಸುರಿದ್ರೆ ಗ್ರಾಫಿಕ್ಸ್ ಕಾರ್ಡಿಗೆ ಉಳಿಯಲ್ಲ ಸಾರ್. ಅದಿಲ್ಲದೆ ಗೇಮ್ ತೆವಳುತ್ತೆ."

"ಒಳಗಿರೋದನ್ನ ಯಾರು ನೋಡ್ತಾರಮ್ಮ? ಮದುವೆಗೆ ಬಂದವರು ಮೊದಲು ನೋಡೋದು ಸೀರಿಯಲ್ ಸೆಟ್ಟಿನ ಲೈಟು!"

ಅವಳಿಗೆ ಅಳುವೇ ಬಂತು. ಇನ್ನೊಂದು ಕಂಪ್ಯೂಟರ್ ವಾಪಸ್ ಬಂದರೆ ಕೆಲಸದಿಂದ ಬಿಡಿಸುತ್ತೇನೆಂದು ಅಂಗಡಿಯ ಯಜಮಾನರು ಆಗಲೇ ಹೇಳಿದ್ದರು.

ನಾಲ್ಕನೇ ದಿನ ಕಪ್ಪು ಗಾಜಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಸ್ವಿಚ್ ಒತ್ತಿದಳು. ಏಳು ಫ್ಯಾನೂ ಝಗಮಗ ಅಂದವು. ರುದ್ರಮುನಿಯಪ್ಪನವರು ಜೊತೆಗೆ ಬಂದಿದ್ದ ನಾಲ್ವರಿಗೂ ಕೇಳುವಂತೆ, "ನೋಡ್ರಯ್ಯ! ಇದರ ಸ್ಪೀಡು ಮುಖದಲ್ಲೇ ಗೊತ್ತಾಗುತ್ತೆ," ಅಂದರು.

ನಾಗವೇಣಿ ಗಾಜು ತೆಗೆದಳು. ಫ್ಯಾನು, ಕರೆಂಟಿನ ವೈರು ಬಿಟ್ಟರೆ ಒಳಗಿದ್ದದ್ದು ಆಯುಧಪೂಜೆಯ ಒಂದು ಒಣ ನಿಂಬೆಹಣ್ಣು.

ನಾಲ್ವರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ರುದ್ರಮುನಿಯಪ್ಪನವರ ಮುಖ ಸಣ್ಣದಾಯಿತು. ಬಹಳ ಹೊತ್ತು ಕೆಮ್ಮಿ, "ಆಯ್ತು, ನಿನ್ನ ಕಾರ್ಡೇ ಹಾಕು. ಡಬ್ಬಿ ಯಾವುದಾದ್ರೂ ಇರಲಿ," ಅಂದರು.

ಸದ್ಯ ಬದುಕಿದೆ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಬಾಗಿಲವರೆಗೆ ಹೋಗಿದ್ದ ರುದ್ರಮುನಿಯಪ್ಪನವರು ತಿರುಗಿ ಬಂದು ದನಿ ತಗ್ಗಿಸಿದರು.

"ಆ ನಿಂಬೆಹಣ್ಣನ್ನ ಮಾತ್ರ ಬಿಡಬೇಡಮ್ಮ. ಅದೊಂದರಿಂದಲೇ ಅಷ್ಟು ಸ್ಪೀಡು ಇತ್ತಲ್ಲ!"